ಎಣ್ಣೆಯಿಲ್ಲದ ಯಂತ್ರಗಳು

"ದಿನಾ ಹೊಲಿಗೆ ಕಲಿಸ್ತಾರಾ?"

ಕುಂತಲಾ ತಲೆ ಎತ್ತಿದಳು. ಎದುರಿಗಿದ್ದವನ ನೋಟ ನೇರವಾಗಿ ಅವಳ ಕಣ್ಣೊಳಗೇ ಇಳಿಯಿತು. ಹಳ್ಳಿ ಹುಡುಗಿಯರ ಈ ತರಬೇತಿಗೆ ಹಣ ಕೊಡುವ ಸಂಸ್ಥೆಯಿಂದ, ಭುವನೇಶ್ವರದಿಂದ ತನಿಖೆಗೆ ಬಂದವನು ಅವನು... ತ್ರಿಲೋಚನ ಬೆಹೆರಾ.

ಅವನ ಬೆನ್ನ ಹಿಂದೆ ನಿಂತ ಕೇಂದ್ರದ ಯಜಮಾನ ಪಾತ್ರಬಾಬು ಅವಳಿಗೆ ಕಣ್ಣು ಕೆಕ್ಕರಿಸಿದ.

"ಹೌದು ಸಾರ್... ದಿನಾ ಆರು ಗಂಟೆ."

ಹೇಳಿದ್ದೇ ತಡ, ನಾಲಿಗೆಯ ಮೇಲೆ ಏನೋ ಕೊಳೆತದ್ದನ್ನು ಇಟ್ಟಂತಾಯಿತು. ಥೂ! ನನ್ನ ಬಾಯಲ್ಲೇ ಈ ಮಾತು ಬಂತಲ್ಲ!

ಎಲ್ಲಿಯ ಆರು ಗಂಟೆ? ಕಲಾಹಂಡಿಯ ಹಳ್ಳಿಗಳಿಂದ ಬಂದ ಮೂವತ್ತು ಹುಡುಗಿಯರು ಮೂರು ತಿಂಗಳಿಂದ ಮಾಡಿದ್ದೆಂದರೆ ಹಾಜರಿಯ ಮೆಷಿನ್ನಿಗೆ ಹೆಬ್ಬೆರಳು ಒತ್ತಿದ್ದು, ಆಮೇಲೆ ಪುಸ್ತಕದಲ್ಲಿ ಹೊಲಿಗೆ ಯಂತ್ರದ ಚಿತ್ರ ಬರೆದದ್ದು. ನಿಜವಾದ ಯಂತ್ರಗಳು ಬಂದದ್ದು ಇವತ್ತು ಬೆಳಗ್ಗೆ, ಟಿಟ್ಲಾಗಢದ ಇನ್ನೊಂದು ಕೇಂದ್ರದಿಂದ, ಲಾರಿಯಲ್ಲಿ. ಸಂಜೆ ಅದೇ ಲಾರಿಯಲ್ಲಿ ವಾಪಸ್. ಮೈಮೇಲಿನ ಸಮವಸ್ತ್ರವೂ ಅಲ್ಲಿಯದೇ. ಯಾರದೋ ಬೆವರಿನ ನಾತ ಅವಳ ಕತ್ತಿಗೆ ಅಂಟಿಕೊಂಡಿತ್ತು.

"ಒಂದು ಗೆರೆ ಹೊಲಿದು ತೋರಿಸಿ," ಎಂದ ತ್ರಿಲೋಚನ.

ಪಾತ್ರಬಾಬು ಹಲ್ಲು ಕಿರಿದ. "ಕರೆಂಟು ಈಗಷ್ಟೇ ಹೋಯ್ತು ಸಾರ್! ನಮ್ಮೂರ ಕರೆಂಟು ಅಳಿಯನಿದ್ದ ಹಾಗೆ, ಮನಸ್ಸಾದಾಗ ಬರೋದು."

ಫ್ಯೂಸು ಅವನ ಜೇಬಿನಲ್ಲೇ ಇತ್ತು. ಮೂವತ್ತು ಹುಡುಗಿಯರಿಗೂ ಗೊತ್ತಿತ್ತು.

ಹೇಳಿಬಿಡಲಾ? ಕುಂತಲಾ ಪಾತ್ರಬಾಬುವಿನ ಜೇಬನ್ನೇ ನೋಡಿದಳು. ಹಿಂದಿನ ತಂಡದವರು ಇಲ್ಲಿಯ ಪ್ರಮಾಣಪತ್ರ ಹಿಡಿದು ಕಟಕ್‌ನ ಗಾರ್ಮೆಂಟ್ಸ್‌ಗೆ ಹೋಗಿ, ಒಂದು ಗೆರೆ ನೆಟ್ಟಗೆ ಹೊಲಿಯಲಾಗದೆ ಮೂರೇ ದಿನಕ್ಕೆ ತಲೆತಗ್ಗಿಸಿ ಬಂದಿದ್ದರು. ಮುಂದಿನ ಸರದಿ ತನ್ನದು. ಅವ್ವನ ಹಾಗೆ ಇಟ್ಟಿಗೆ ಭಟ್ಟಿಗೆ ಹೋಗಬಾರದೆಂದರೆ ಅವಳಿಗಿದ್ದದ್ದು ಈ ಕೆಲಸವೊಂದೇ.

ತ್ರಿಲೋಚನ ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿದ. ಒಳಗೆ ಬೆರಳಾಡಿಸಿ, ಬೆರಳನ್ನು ನೋಡಿ, ಧೂಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಪುಸ್ತಕದಲ್ಲಿ ಏನೋ ಗೀಚಿದ. ಆಮೇಲೆ... ಪಾತ್ರಬಾಬು ಚಾಚಿದ ತಟ್ಟೆಯಿಂದ ಎರಡು ರಸಗುಲ್ಲ ತಿಂದ!

"ಎಲ್ಲಾ ಬಹಳ ಅಚ್ಚುಕಟ್ಟಾಗಿದೆ," ಎಂದು ನಕ್ಕ.

ಅವನ ಗಲ್ಲದ ಮೇಲೆ ಪಾಕ ಇಳಿಯುತ್ತಿತ್ತು. ಕುಂತಲಾ ಹಿತ್ತಲ ನಲ್ಲಿಯ ಬಳಿಗೆ ಓಡಿ ವಾಂತಿ ಮಾಡಿಕೊಂಡಳು.

ಗೆಳತಿ ಸುಕಾಂತಿ ಬೆನ್ನು ನೀವಿದಳು. "ರಸಗುಲ್ಲ ತಿಂದೋನು ಅವನು, ಕಕ್ಕೋಳು ನೀನಾ?"

"ಅವನ ಕಣ್ಣು ನೋಡಿ ಒಳ್ಳೆಯವನು ಅಂದ್ಕೊಂಡೆ ಕಣೇ... ಅದಕ್ಕೇ ಅಸಹ್ಯ ಆಗ್ತಿದೆ."

ಮೂರನೆಯ ದಿನ ಬೆಳಗ್ಗೆ ಕುಂತಲಾ ಅಂಗಳದಲ್ಲಿ ಹಿಪ್ಪೆಹೂವು ಒಣಹಾಕುತ್ತಿದ್ದಳು. ಬೇಲಿಯಾಚೆ ಬೈಕು ನಿಂತಿತು. ಅವನೇ!

"ಇಲ್ಲೇನೂ ಸಿಹಿ ಇಲ್ಲ, ಬಾಬು. ತಪ್ಪಿ ಬಂದ್ರಿ."

ಅವನ ಮುಖ ಚಿಕ್ಕದಾಯಿತು. "ಬೈಯಿರಿ. ಆದರೆ ಕೇಳಿ. ಆ ಮೆಷಿನ್ ಓಡಬೇಕಾದರೆ ಕೆಳಗಿನ ತಟ್ಟೆಯಲ್ಲಿ ಎಣ್ಣೆ ಇರಲೇಬೇಕು. ಲಾರಿಯಲ್ಲಿ ಚೆಲ್ಲುತ್ತೆ ಅಂತ ಬಸಿದು ತಂದಿದ್ದಾರೆ, ಮತ್ತೆ ತುಂಬೋದು ಮರೆತಿದ್ದಾರೆ. ನನ್ನ ಬೆರಳು ಒಣಗೇ ಬಂತು."

"ಗೊತ್ತಾದ ಮೇಲೂ ನಕ್ಕೊಂಡು ತಿಂದ್ರಲ್ಲ!"

"ಅಲ್ಲೇ ಜಗಳ ತೆಗೆದಿದ್ದರೆ ಗಂಟೆಯೊಳಗೆ ಮೆಷಿನ್ ಮಾಯವಾಗ್ತಿತ್ತು. ನಂಬರ್ ಬರೆದುಕೊಂಡೆ. ಮರುದಿನ ಟಿಟ್ಲಾಗಢದಲ್ಲಿ ಅವೇ ನಂಬರ್ ಸಿಕ್ಕವು. ನೀವು ನನ್ನ ಬೆರಳು ನೋಡ್ತಾ ಇದ್ರಿ... ಅರ್ಥವಾಗಿರುತ್ತೆ ಅಂದ್ಕೊಂಡೆ."

"ಎಣ್ಣೆ ಇರಬೇಕು ಅಂತ ನಮಗೆ ಯಾರು ಕಲಿಸಿದ್ರು?" ಕುಂತಲಾ ಬೇಲಿಯ ಹತ್ತಿರ ಬಂದಳು. "ಮೂರು ತಿಂಗಳು ಚಿತ್ರ ಬರೆದಿದ್ದೀವಿ, ಬಾಬು... ಬರೀ ಚಿತ್ರ!"

ತ್ರಿಲೋಚನ ಬೈಕಿನಿಂದ ಇಳಿದ.

"ಪಾತ್ರಬಾಬು ಈಗ ನಮ್ಮ ಮೆಷಿನ್ ರಿಪೇರಿಗೆ ಹೋಗಿವೆ, ಅವತ್ತೊಂದು ದಿನಕ್ಕೆ ಮಾತ್ರ ಅವನ್ನು ತರಿಸಿದೆ ಅಂತಿದ್ದಾನೆ. ಹುಡುಗಿಯರಲ್ಲೇ ಒಬ್ಬರು ನಿಜ ಬರೆದು ಕೊಡಬೇಕು. ಇಲ್ಲದಿದ್ದರೆ ಯಾರನ್ನೂ ನಂಬಲಾಗದೆ ಸಂಸ್ಥೆಯವರು ಈ ಜಿಲ್ಲೆಗೆ ಹಣ ಕೊಡೋದನ್ನೇ ನಿಲ್ಲಿಸ್ತಾರೆ. ಆದರೆ ಹುಡುಗಿಯರೆಲ್ಲ ಹೆದರಿದ್ದಾರೆ."

"ಹೆಬ್ಬೆರಳು ಒತ್ತಿದ್ದು ನೀವೇ, ನಿಮ್ಮನ್ನೂ ಹಿಡೀತಾರೆ ಅಂತ ನಮಗೆ ಹೇಳಿದ್ದಾನೆ ಅವನು."

"ನಿಮ್ಮನ್ನು ಹಿಡಿಯೋಕೆ ನಾನು ಬಿಡಲ್ಲ."

ಅವಳು ನಂಬಬಹುದೇ? ಅವನನ್ನಲ್ಲ, ಮೊದಲು ತನ್ನನ್ನೇ... ಆ ಸುಳ್ಳಿನ ವಾಸನೆ ಮೂರು ದಿನವಾದರೂ ಬಾಯಿಂದ ಹೋಗಿರಲಿಲ್ಲ.

"ಕಾಗದ ಕೊಡಿ," ಎಂದಳು. "ನಾನೂ ಸುಳ್ಳು ಹೇಳಿದೆ ಅಂತಲೇ ಶುರು ಮಾಡ್ತೀನಿ."

ಪಾತ್ರಬಾಬುವಿನ ಕೇಂದ್ರಕ್ಕೆ ಬೀಗ ಬಿತ್ತು. ಊರಲ್ಲಿ ಕೆಲವರು ಕುಂತಲಾಳನ್ನು ಕಂಡು ಉಗಿದರು. ಕೇಂದ್ರದಿಂದ ಬರುತ್ತಿದ್ದ ಬಾಡಿಗೆ, ಕೂಲಿ ಹೋಯಿತೆಂಬ ಸಿಟ್ಟು ಅವರಿಗೆ. ಅವಳು ತುಟಿ ಕಚ್ಚಿ ನಡೆದಳು. ಎರಡು ತಿಂಗಳಲ್ಲಿ ಸ್ತ್ರೀ ಸಂಘದ ಕಟ್ಟಡದಲ್ಲಿ ಹೊಸ ಕೇಂದ್ರ ತೆರೆಯಿತು. ತ್ರಿಲೋಚನ ತಿಂಗಳಿಗೊಮ್ಮೆ ಬರುತ್ತಿದ್ದ. ಯಂತ್ರ ನೋಡುತ್ತಿದ್ದ, ಹೊಲಿಗೆ ನೋಡುತ್ತಿದ್ದ, ಅವಳನ್ನು ಮಾತ್ರ ನೋಡದೆ ಹೋಗುತ್ತಿದ್ದ.

ನನ್ನಂಥ ಸುಳ್ಳುಗಾರ್ತಿಯನ್ನು ಯಾರು ನೋಡುತ್ತಾರೆ... ಎಂದುಕೊಂಡು ಕುಂತಲಾ ಗೆರೆ ಹೊಲಿದಳು. ನೂರು, ಸಾವಿರ ಗೆರೆ. ಕೊನೆಗೆ ಕೆಲಸಕ್ಕೆ ಆರಿಸಲು ಕಟಕ್‌ನ ಗಾರ್ಮೆಂಟ್ಸ್‌ನಿಂದ ಬಂದವರ ಪರೀಕ್ಷೆಯಲ್ಲಿ ಅವಳ ಹೆಸರೇ ಮೊದಲು!

ಕಟಕ್‌ಗೆ ಹೊರಡುವ ಹಿಂದಿನ ದಿನ ತ್ರಿಲೋಚನ ಕೇಂದ್ರದ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪುಸ್ತಕವಿರಲಿಲ್ಲ.

"ಇವತ್ತು ತನಿಖೆ ಇಲ್ವಾ, ಬಾಬು?"

"ಈ ಕೇಂದ್ರದ ತನಿಖೆ ಬೇರೆಯವರಿಗೆ ಒಪ್ಪಿಸಿ ಬಂದೆ."

"ಯಾಕೆ?"

"ಯಾರ ಕೆಲಸಕ್ಕೆ ನಾನು ಸಹಿ ಹಾಕಬೇಕೋ ಅವಳ ಹತ್ತಿರ ಮನಸ್ಸು ಬಿಚ್ಚೋದು ಹೇಗೆ? ಬೇಡ ಅನ್ನೋಕೆ ಅವಳು ಹೆದರಬಾರದಲ್ಲ..." ಅವನು ಈಗ ಅವಳನ್ನೇ ನೋಡಿದ. "ನಾನೂ ಸುಳ್ಳು ಹೇಳಿದೆ ಅಂತ ಬರೆದಳಲ್ಲ ಒಬ್ಬಳು, ಅವತ್ತಿಂದ ನನ್ನ ಮನಸ್ಸು ಅವಳ ಅಂಗಳದಲ್ಲೇ ಇದೆ, ಕುಂತಲಾ."

ಅವಳ ಕಣ್ಣು ತುಂಬಿ ಬಂತು. ಆದರೂ ಗಲ್ಲ ಎತ್ತಿ ಹೇಳಿದಳು, "ನಾನು ಕೆಲಸ ಬಿಡಲ್ಲ."

"ಬಿಡು ಅಂದವರಾರು? ಭುವನೇಶ್ವರದಿಂದ ಕಟಕ್‌ಗೆ ಬಸ್ಸಿಲ್ವಾ?"

"ಎಷ್ಟು ಹೊತ್ತಿನ ದಾರಿ?"

"ಒಂದು ಗಂಟೆ."

"ನಮಗೆ ಭಾನುವಾರ ರಜಾ..." ಕೆನ್ನೆ ಒರೆಸಿಕೊಂಡು ಅವಳು ನಕ್ಕಳು. "ಮೊದಲನೇ ಬಸ್ಸಿಗೇ ಬಾ."