ವೆಲಿಟಾಳ ಸಾಲಿಗೆ ಕ್ಯಾಮಿಲಸ್‌ನ ಗಿಟಾರ್

ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುತ್ತಾ ವೆಲಿಟಾ ವೊವಿಯೊ ಹಾಡಿನ ಮೊದಲ ಸಾಲು ಎಳೆದಳು. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಈ ಹಾಡಿಗೆ ಒಂದು ಕ್ರಮವಿದೆ: ಒಬ್ಬಳು ಹೇಳಬೇಕು, ನೆರೆದವರೆಲ್ಲ ಅದನ್ನೇ ತಿರುಗಿ ಹೇಳಬೇಕು. ಆದರೆ ಗಲ್ಫಿನ ಅಲ್ ಮುರಕ್ಕಬಾತ್‌ನ ಆ ಹಾಲ್‌ನಲ್ಲಿ ಹೆಂಗಸರು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಒಂದು ಗಿಟಾರ್ ಉತ್ತರ ಕೊಟ್ಟಿತು.

ವೆಲಿಟಾ ತಿರುಗಿದಳು. ಬಿಳಿ ಗಡ್ಡ, ತೋಳು ಮಡಿಚಿದ ನೀಲಿ ಶರ್ಟ್, ಮುಚ್ಚಿದ ಕಣ್ಣು. ಕಣ್ಣು ತೆರೆದವನು ಅವಳ ಸಿಟ್ಟಿನ ನೋಟಕ್ಕೆ ಸಿಕ್ಕಿಬಿದ್ದು, ಗಿಟಾರನ್ನು ಎದೆಗೆ ಒತ್ತಿಕೊಂಡ.

ಊಟದ ಹೊತ್ತಿಗೆ ಅವನೇ ತಟ್ಟೆ ಹಿಡಿದು ಬಂದ.

“ನಾನು ಕ್ಯಾಮಿಲಸ್. ಬ್ಯಾಂಡಿನವನು.”

“ಗೊತ್ತಾಯ್ತು. ನನ್ನ ಹಾಡು ಹಾಳು ಮಾಡಿದ್ದು ಸಾಕಾಗ್ಲಿಲ್ವಾ?”

“ತಪ್ಪಾಯ್ತು ಮಾರಾಯ್ರೆ. ನೀವು ಸಾಲು ಮುಗಿಸಿದ ಕೂಡ್ಲೆ ಕೈ ತಾನಾಗಿ ಹೋಯ್ತು. ಬ್ಲೂಸ್‌ನಲ್ಲಿ ಹಾಗೇ. ಒಬ್ರು ದುಃಖ ಹೇಳ್ತಾರೆ, ಗಿಟಾರ್ ಹೌದು ಹೌದು ಅಂತದೆ.”

“ಮದುವೆ ಹಾಡಿನಲ್ಲಿ ಎಂಥ ದುಃಖ?”

“ಹಾಡಿನಲ್ಲಿ ಇರ್ಲಿಲ್ಲ. ನಿಮ್ಮ ಸ್ವರದಲ್ಲಿತ್ತು.”

ಅವಳು ಲೋಟದ ನೀರನ್ನು ಅಗತ್ಯಕ್ಕಿಂತ ನಿಧಾನವಾಗಿ ಕುಡಿದಳು.

ಹಡಗಿನ ಕೆಲಸದ ಮಾವ ತಂದ ಕ್ಯಾಸೆಟ್ ಕೇಳಿ ಅವನು ಹದಿನೇಳಕ್ಕೇ ಮಂಗಳೂರಿನಲ್ಲಿ ಬ್ಲೂಸ್ ಕಲಿತಿದ್ದ. ಆಮೇಲೆ ಮೂವತ್ತೆರಡು ವರ್ಷ ಇಲ್ಲೇ ದೇರಾದ ಹೋಟೆಲುಗಳಲ್ಲಿ ಗೆಸ್ಟ್‌ಗಳು ಕೇಳಿದ್ದನ್ನೇ ನುಡಿಸಿದ. ಈಗ, ಐವತ್ತೆಂಟಕ್ಕೆ, ಮತ್ತೆ ಬ್ಲೂಸ್. ಒಂಬತ್ತು ಕೊಂಕಣಿ ಹಾಡುಗಳ ತನ್ನದೇ ಆಲ್ಬಮ್. ಎಂಟು ಮುಗಿದಿತ್ತು. ಒಂಬತ್ತನೆಯದಕ್ಕೆ ಅವಳ ಸ್ವರ ಬೇಕಂತೆ.

ಮದುಮಗಳ ತಾಯಿ ಎಲ್ಸಿಗೆ ಸುದ್ದಿ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಫೋನ್ ಬಂತು.

“ಅಲ್ಲ ವೆಲಿಟಾ, ಬಾರಿನಲ್ಲಿ ನುಡಿಸುವವನ ಜೊತೆ ಹಾಡಿದ್ರೆ ನಾಳೆ ನಿನ್ನನ್ನು ರೋಸ್‌ಗೆ ಯಾರು ಕರೀತಾರೆ? ಗಂಡ ಇಲ್ಲದವಳು, ಜನ ಸುಮ್ನೆ ಇರ್ತಾರಾ?”

ಆ ಮಾತು ನಾಟಿತು. ಗಂಡ ತೀರಿಹೋಗಿ ಎಂಟು ವರ್ಷ. ಕ್ಲಿನಿಕ್‌ನ ಶಿಫ್ಟ್, ಮಗಳ ಕಾಲೇಜು, ಅಲ್ ಕುಸೈಸ್‌ನ ಒಂದು ಬೆಡ್‌ರೂಮಿನ ಫ್ಲಾಟ್. ಇಷ್ಟರ ನಡುವೆ ಯಾರಾದರೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು ಆ ವೊವಿಯೊಗೆ ಮಾತ್ರ. ಅದೂ ಹೋದರೆ?

ಆದರೂ ಕ್ಯಾಮಿಲಸ್ ಕಳುಹಿಸಿದ ಟ್ಯೂನನ್ನು ಅವಳು ಅಳಿಸಲಿಲ್ಲ. ಗಿಟಾರ್ ಸ್ವಲ್ಪ ನುಡಿದು ಸುಮ್ಮನಾಗುತ್ತಿತ್ತು, ಬಾಗಿಲು ತೆರೆದಿಟ್ಟು ಕಾದ ಹಾಗೆ.

“ಮಮ್ಮಿ, ಯು ಆರ್ ಸಿಂಗಿಂಗ್,” ಅಡುಗೆಮನೆಗೆ ಬಂದ ಮಗಳು ಎಮಿಲಿಯಾ ಹೇಳಿದಳು.

“ಎಂತ ಇಲ್ಲ. ಬಂಗುಡೆ ಕ್ಲೀನ್ ಮಾಡ್ತಾ ಇದ್ದೇನೆ.”

“ಅರ್ಧ ಗಂಟೆಯಿಂದ ಒಂದೇ ಬಂಗುಡೆ. ಜಸ್ಟ್ ಗೋ, ಮಮ್ಮಿ.”

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅವಳು ಹೋದಳು. ಗೋದಾಮುಗಳ ಸಾಲಿನಲ್ಲಿ ಒಂದು ಪುಟ್ಟ ಸ್ಟುಡಿಯೊ. ಮೈಕ್ ಮುಂದೆ ನಿಂತಳು. ಮೂರು ಸಲ ಶುರುಮಾಡಿ ಮೂರು ಸಲವೂ ನಿಲ್ಲಿಸಿದಳು.

“ಆಗುದಿಲ್ಲ ಕ್ಯಾಮಿಲಸ್ರೇ. ಎದುರಿಗೆ ಒಂದು ಮುಖ ಇಲ್ಲದೆ ನಾನು ಹಾಡಿದವಳೇ ಅಲ್ಲ.”

ಅವನು ಗಿಟಾರ್ ಹಿಡಿದುಕೊಂಡೇ ಒಳಗೆ ಬಂದು, ಅವಳೆದುರು ಸ್ಟೂಲ್ ಹಾಕಿಕೊಂಡು ತಲೆ ಬಗ್ಗಿಸಿ ಕೂತ.

“ಈಗ ಆಗ್ತದಾ?”

“ರೋಸ್‌ನಲ್ಲಿ ಹಾಗೆ ಕೂರುವವರು ಮದುವೆ ಆಗುವವರು.”

“ನನಗೇನೂ ಅಡ್ಡಿ ಇಲ್ಲ,” ಅಂದವನ ಕಿವಿ ಕೆಂಪಾಯಿತು.

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗು ಆರುವ ಮೊದಲೇ ಹಾಡು ಹೊರಟಿತು. ಗಾಜಿನಾಚೆ ಸೌಂಡ್ ಎಂಜಿನಿಯರ್ ಕೈಯಲ್ಲಿದ್ದ ಸುಲೈಮಾನಿ ಚಹಾ ತಣ್ಣಗಾಯಿತು.

ಮುಗಿದ ಮೇಲೆ ಕ್ಯಾಮಿಲಸ್ ಗಿಟಾರನ್ನು ಗೋಡೆಗೆ ಒರಗಿಸಿದ. ಆಮೇಲೆ ಮೆಲ್ಲಗೆ ಅಂದ: “ಎಲ್ಸಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಿಮ್ಮ ಹೆಸರು ಹಾಕುದಿಲ್ಲ. ಯಾರಿಗೂ ಗೊತ್ತಾಗುದಿಲ್ಲ.”

ವೆಲಿಟಾ ಹೆಡ್‌ಫೋನ್ ತೆಗೆದು ಅವನನ್ನೇ ನೋಡಿದಳು.

“ಹಾಕಿ.”

“ಆಮೇಲೆ ರೋಸ್‌ಗೆ ಕರೆಯದಿದ್ರೆ?”

“ನೀವು ಕರೀರಿ. ಬರ್ತೇನೆ.”

ಅವನು ಪೆನ್ನು ತೆಗೆದು, ಹಾಡಿನ ಹಾಳೆಯಲ್ಲಿ ತನ್ನ ಹೆಸರಿನ ಕೆಳಗೆ ಅವಳದನ್ನು ಬರೆಯಹೊರಟ. ವೆಲಿಟಾ ಅವನ ಕೈಯನ್ನು ಹಿಡಿದಳು. ಹಿಡಿದವಳು ಬಿಡಲಿಲ್ಲ.

“ಕೆಳಗೆ ಅಲ್ಲ ಕ್ಯಾಮಿಲಸ್. ಪಕ್ಕದಲ್ಲಿ.”