ಬಾಳೆಗೊನೆ ಪಾಪು

“ಗಟ್ಟಿಯಾಗಿ ಅವಚ್ಕೊಂಡು ಮಲಕ್ಕೋ, ಟುಸೆ. ಯಾರಾದ್ರೂ ಕೇಳಿದ್ರೆ ಪಾಪು ಅನ್ನು.”

“ಅಜ್ಜೀ! ಇದು ಬಾಳೆಗೊನೆ!”

“ಅದಕ್ಕೇ ಹೇಳ್ತಿರೋದು, ಮೆಲ್ಲಗೆ ಮಾತಾಡು.”

ಟುಸೆಕಿಲೆಗೆ ಅಳು ಬರುವಷ್ಟು ಸಿಟ್ಟು ಬಂತು. ತಮ್ಮೂರು ಎಂಬೆಯಾದಲ್ಲಿ ರೈಲು ಹತ್ತಿದಾಗಿನಿಂದ ಇದೇ ಗೋಳು. ಗೊನೆ ಸೀಟಿನ ಕೆಳಗೆ ಹಿಡಿಸಲಿಲ್ಲ. ಅಜ್ಜಿ ಅದನ್ನು ಟುಸೆಕಿಲೆಯ ಬರ್ತ್ ಮೇಲೆ ಮಲಗಿಸಿ, ಅವಳನ್ನೇ ಮೂಲೆಗೆ ತಳ್ಳಿದ್ದಳು. ಈಗ ಗಡಿ ಬಂದಿತ್ತು. “ಜಾಂಬಿಯಾ ಒಳಗೆ ಹಸಿ ಬಾಳೆಕಾಯಿ ಬಿಡಲ್ಲ, ಕಿತ್ಕೋತಾರೆ” ಎಂದು ಮೇಲಿನ ಬರ್ತಿನ ಹೆಂಗಸು ಹೇಳಿದ್ದೇ ತಡ, ಅಜ್ಜಿ ಗೊನೆಗೆ ತನ್ನ ಹೂವಿನ ಬಟ್ಟೆ ಸುತ್ತಿ, ಕೂಸಿನ ಹಾಗೆ ಕಟ್ಟಿಬಿಟ್ಟಿದ್ದಳು.

“ಚಿಕ್ಕಮ್ಮನ ಊರಲ್ಲಿ ಬಾಳೆಕಾಯಿ ಸಿಗಲ್ವಾ?”

“ಸಿಗ್ಲಿ ಬಿಡು. ಬಾಣಂತಿ ಬಾಯಿಬಿಟ್ಟು ಕೇಳಿದಾಳೆ. ನಮ್ಮ ಹಿತ್ತಲದ್ದೇ ಬೇಕಂತೆ.”

ಬಾಗಿಲು ಸರಿಯಿತು. ಅಧಿಕಾರಿ ಒಳಗೆ ಬಂದು ಪಾಸ್‌ಪೋರ್ಟ್‌ಗಳನ್ನು ನೋಡಿದ. ಆಮೇಲೆ ಬರ್ತಿನತ್ತ ಬಗ್ಗಿದ.

“ಪಾಪುದು ಪಾಸ್‌ಪೋರ್ಟ್?”

ಅಜ್ಜಿ ಇದನ್ನು ಯೋಚಿಸಿರಲೇ ಇಲ್ಲ. “ಇಷ್ಟು ಚಿಕ್ಕದಕ್ಕೂ ಬೇಕಾ, ಸಾರ್?”

“ಬೇಕು.” ಅವನು ಟುಸೆಕಿಲೆಯನ್ನು ನೋಡಿದ. “ಏನಮ್ಮಾ ಇದರ ಹೆಸರು?”

ಟುಸೆಕಿಲೆ ಬಾಯಿ ತೆರೆದಳು. ಒಂದು ಹೆಸರೂ ನೆನಪಾಗಲಿಲ್ಲ.

“ಬಾಳೆಗೊನೆ” ಎಂದಳು.

ಮೇಲಿನ ಹೆಂಗಸು ಕಿಸಕ್ಕನೆ ನಕ್ಕಳು. ಅಧಿಕಾರಿಯೂ ನಕ್ಕ. ಆದರೂ ಬಟ್ಟೆ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟು, ಗೊನೆಯನ್ನು ಎತ್ತಿಕೊಂಡ. “ಗಿಡದ ರೋಗ ಹರಡುತ್ತೆ, ಅಜ್ಜಿ. ಬಿಡೋ ಹಾಗಿಲ್ಲ.”

ರೈಲು ಹೊರಟಿತು. ಬರ್ತಿನಲ್ಲಿ ಈಗ ಕಾಲು ಚಾಚುವಷ್ಟು ಜಾಗವಿತ್ತು. ಟುಸೆಕಿಲೆ ಬೈಗುಳಕ್ಕೆ ಕಾದಳು. ದಾರಿಯುದ್ದಕ್ಕೂ ವಟಗುಟ್ಟುತ್ತಿದ್ದ ಅಜ್ಜಿ ಒಂದು ಮಾತೂ ಆಡಲಿಲ್ಲ. ಬಟ್ಟೆಯನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು.

“ಅಜ್ಜೀ, ಬೈಯಿ ಬೇಕಾದ್ರೆ.”

“ನಿನ್ನ ಯಾಕೆ ಬೈಲಿ? ಮದುವೆ ಆಗಿ ಇಷ್ಟು ದೂರ ಹೋದ್ಲು. ಇವತ್ತಿನವರೆಗೂ ಏನೂ ಕೇಳಿರಲಿಲ್ಲ, ಇದೊಂದು ಕೇಳಿದ್ಲು.” ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಗ್ಗೆ ಕಸಾಮ ಸ್ಟೇಷನ್ನಿನಲ್ಲಿ ಲುಗಾನೊ ಚಿಕ್ಕಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಅಜ್ಜಿಯನ್ನು ತಬ್ಬಿಕೊಂಡಳು. ಆಮೇಲೆ ಅವಳ ಕಣ್ಣು ಚೀಲಗಳ ಮೇಲೆ ಓಡಾಡಿತು.

“ಅಮ್ಮಾ, ಬಾಳೆಕಾಯಿ?”

ಅಜ್ಜಿ ಕೈಯಲ್ಲಿದ್ದ ಹೂವಿನ ಬಟ್ಟೆಯನ್ನು ಮತ್ತೆ ಮಡಿಸತೊಡಗಿದಳು.

“ನಾನು ತಿಂದ್ಬಿಟ್ಟೆ, ಚಿಕ್ಕಮ್ಮ” ಎಂದಳು ಟುಸೆಕಿಲೆ.

“ಹಸೀದಾ? ಇಡೀ ಗೊನೇನಾ?”

“ಹೂಂ. ರೈಲಲ್ಲಿ ಸಿಕ್ಕಾಪಟ್ಟೆ ಹಸಿವಾಗ್ತಿತ್ತು.”

ಚಿಕ್ಕಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಅಜ್ಜಿಯೂ ನೋಡಿದಳು. ಅವಳ ಮೂಗಿನಿಂದ ಪುಸಕ್ಕನೆ ನಗು ಹೊರಬಿತ್ತು.

“ಹೊಟ್ಟೆಬಾಕಿ! ಇವಳನ್ನ ಕಟ್ಕೊಂಡು ಹೇಗೆ ಬಂದೆ ಅಂತೀಯ, ಲುಗಾನೊ! ಒಂದಾ ಎರಡಾ...” ಅಜ್ಜಿ ಮತ್ತೆ ಶುರುಮಾಡಿದಳು.

ಟುಸೆಕಿಲೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹಿಂದೆಯೇ ನಡೆದಳು. ಮನೆ ಮುಟ್ಟುವ ತನಕ ಅಜ್ಜಿ ಬಾಯಿ ಮುಚ್ಚಲಿಲ್ಲ. ಮುಚ್ಚುವುದು ಬೇಡ ಎಂದೇ ಟುಸೆಕಿಲೆಗೆ ಅನ್ನಿಸುತ್ತಿತ್ತು.