ಮರಿಯಜ್ಜಿಯ ವಿಚಾರಣೆ

"ನಿಮ್ಮ ಮುತ್ತಜ್ಜಿ ಯಾವ ಮನೆ ಮಗಳು?"

ಫೋಟೋ ಸ್ಟುಡಿಯೋದವನು ನಕ್ಕುಬಿಟ್ಟ. "ಬೇರೆ ಹುಡುಗೀರು ಊಟ ಆಯ್ತಾ ಅಂತ ಕೇಳ್ತಾರೆ."

"ಅದನ್ನ ಆಮೇಲೆ ಕೇಳ್ತೀನಿ. ಮೊದಲು ಮುತ್ತಜ್ಜಿ."

ಅಜ್ಜಿ ತೀರಿಕೊಂಡ ಮೇಲೆ ವಂಶವೃಕ್ಷದ ಉಸಾಬರಿಯೆಲ್ಲ ಈ ಮೊಮ್ಮಗಳ ತಲೆಗೆ ಬಂದಿತ್ತು. ಜೊತೆಗೆ ಮರಿಯಜ್ಜಿ ಎಂಬ ಅಡ್ಡಹೆಸರೂ ಬಿತ್ತು. ಯಾರಿಗೆ ಯಾರು ಏನಾಗಬೇಕು ಎಂದು ಅವಳನ್ನೇ ಕೇಳಬೇಕು. ಹೊಸ ಸಂಬಂಧ ಬಂದರೆ ಆ ಮನೆಯ ಮೂರು ತಲೆಮಾರು ವಿಚಾರಿಸಿ 'ಆಗಬಹುದು' ಎನ್ನಬೇಕಾದವಳೂ ಅವಳೇ.

ಬೂಸ್ಟು ಹಿಡಿದ ಹಳೇ ಫೋಟೋಗಳನ್ನು ಸರಿಮಾಡಿಸಲು ಅವಳು ಸ್ಟುಡಿಯೋಗೆ ಹೋಗುತ್ತಿದ್ದಳು. ಅವನು ಕಂಪ್ಯೂಟರಿನಲ್ಲಿ ಒಂದೊಂದೇ ಮುಖ ಬಿಡಿಸುತ್ತಿದ್ದ, ಅವಳು ಅದು ಯಾರೆಂದು ಹೇಳುತ್ತಿದ್ದಳು. ನಡುನಡುವೆ ಕಳ್ಳನೋಟ. ಸಿಕ್ಕಿಬಿದ್ದಾಗಲೆಲ್ಲ ಅವನ ಅಜ್ಜನ ಬಗ್ಗೆ ಒಂದು ಪ್ರಶ್ನೆ. ಪ್ರೀತಿಯನ್ನು ಬೇರೆ ಹೇಗೆ ತೋರಿಸಬೇಕೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನ ಮನೆತನದ್ದೇ ಮಾತು. ದೊಡ್ಡಪ್ಪ ಕಿವಿಗೊಟ್ಟು ಕೇಳಿದರು. ನೆಟ್ಟಗೆ ಅವನ ಮನೆಗೆ ಹೋಗಿ ತಮ್ಮ ಮಗಳಿಗೆ ಸಂಬಂಧ ಕೇಳಿಬಂದರು.

"ಅಕ್ಕಾ, ನನಗೋಸ್ಕರ ಇಷ್ಟೆಲ್ಲ ವಿಚಾರಿಸಿದ್ಯಾ?" ಎಂದು ತಂಗಿ ತಬ್ಬಿಕೊಂಡಳು. ಮರಿಯಜ್ಜಿಗೆ ಬಾಯಲ್ಲಿ ಬಿಸಿತುಪ್ಪ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮುಂದಿನ ಭಾನುವಾರ ಎರಡೂ ಮನೆಯವರು ಹಜಾರದಲ್ಲಿ ಸೇರಿದರು.

"ಹೇಳಮ್ಮ ಮರಿಯಜ್ಜಿ," ಎಂದರು ದೊಡ್ಡಪ್ಪ. "ಆಗಬಹುದಾ?"

ಅವನು ಅವಳನ್ನೇ ನೋಡುತ್ತಿದ್ದ. ಅಜ್ಜಿಯ ಜಾಗದಲ್ಲಿ ಕೂತು ಸುಳ್ಳು ಹೇಳುವ ಹಾಗಿರಲಿಲ್ಲ.

"ಆಗಬಹುದು."

ವಂಶವೃಕ್ಷ ಒಳಕೋಣೆಯ ಗೋಡೆಯ ಮೇಲಿತ್ತು. ಹೆಸರು ಬರೆಸಲು ಮರಿಯಜ್ಜಿಯ ಜೊತೆ ಅವನನ್ನೇ ಒಳಗೆ ಕಳಿಸಿದರು.

"ಅಷ್ಟೆಲ್ಲ ಕೇಳಿದ್ದು ತಂಗಿಗೋಸ್ಕರಾನಾ?" ಎಂದು ಅವನು ಮೆಲ್ಲಗೆ ಕೇಳಿದ. "ಹಾಗಂದ್ಕೊಂಡೇ ನಾನು ಹೂಂ ಅಂದಿದ್ದು."

"ಅಲ್ಲ."

ಅವನು ಗೋಡೆಗೆ ಕೈಯೂರಿ ನಿಂತ. "ಮತ್ತೆ ಯಾಕೆ ಆಗಬಹುದು ಅಂದ್ರಿ?"

"ನಿಮ್ಮಲ್ಲಿ ಕುಂದು ಹೇಳು ಅಂದ್ರೆ ಎಲ್ಲಿಂದ ತರಲಿ?"

"ಈಗಲೇ ಹೋಗಿ ಹೇಳ್ತೀನಿ."

"ಮೊದಲು ಅವಳ ಮುಖ ನೋಡಿ."

ಬಾಗಿಲ ಸಂದಿಯಿಂದ ತಂಗಿ ಕಾಣುತ್ತಿದ್ದಳು. ಅವನ ಅಮ್ಮನ ಕೈ ಹಿಡಿದುಕೊಂಡು, ಯಾರೋ ಏನೋ ಅಂದಿದ್ದಕ್ಕೆ ನಾಚಿ ನಗುತ್ತಿದ್ದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಹೋಗುವ ಮಾತೆತ್ತಲಿಲ್ಲ.

ಅವಳು ಪೆನ್ನು ತೆಗೆದುಕೊಂಡು ತಂಗಿಯ ಪಕ್ಕದಲ್ಲಿ ಅವನ ಹೆಸರು ಬರೆದಳು. ಅದರ ಮೇಲೆ ಅವನ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜಿ. ಯಾವ ಹೆಸರನ್ನೂ ಕೇಳಬೇಕಾಗಲಿಲ್ಲ. ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಬರೆಯುತ್ತ ಬರೆಯುತ್ತ ಕಣ್ಣು ಮಂಜಾಯಿತು.

ಪೆನ್ನಿನ ಮುಚ್ಚಳ ಹಾಕಿ ಅವನ ಕಡೆ ತಿರುಗಿದಳು. ಕೇಳಲು ಇನ್ನೊಂದೇ ಪ್ರಶ್ನೆ ಉಳಿದಿತ್ತು.

"ಊಟ ಆಯ್ತಾ?"

"ಆಯ್ತು," ಎಂದ ಅವನು.

ಹೊರಗೆ ಇನ್ನೂ ತಟ್ಟೆಗಳನ್ನೇ ಇಟ್ಟಿರಲಿಲ್ಲ.